ಕುಸುಮಕ್ಕನ ವೆನಿಲಾ

ಶೇಡಬಾಳದ ಆ ಓಣಿಯಲ್ಲಿ ಯಾರ ಮನೆಯಲ್ಲಿ ಕಾರ್ಯವಿದ್ದರೂ ಒಲೆ ಹೊತ್ತಿಸುವ ಮೊದಲು ಕುಸುಮಕ್ಕನಿಗೆ ಹೇಳಿಕಳಿಸುವುದು ರೂಢಿಯಾಗಿತ್ತು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬೋಗುಣಿಗಳ ನಡುವೆ ಒಂದು ಸುತ್ತು ಬಂದರೆ ಸಾಕು. ಯಾವ ಪಲ್ಯದ ಮಸಾಲೆ ಇನ್ನೂ ಹಸಿಯಿದೆ, ಯಾವ ತುಪ್ಪ ಹಳತು, ಯಾವ ಬೇಳೆ ತಳ ಹಿಡಿಯುವುದರಲ್ಲಿದೆ ಎಂಬುದನ್ನು ಸೌಟು ಮುಟ್ಟದೆಯೇ ಹೇಳುತ್ತಿದ್ದಳು. "ಕುಸುಮಕ್ಕನ ಮೂಗಿಗೆ ಕಣ್ಣ ಅದಾವ" ಎಂದು ಹೆಂಗಸರು ನಗುತ್ತಿದ್ದರು.

ಆ ಮೂಗು ಕೊರೊನಾದ ಎರಡನೆಯ ಸುತ್ತಿನಲ್ಲಿ ಹೋಯಿತು. ಅವಳು, ಗಂಡ ಜಿನ್ನಪ್ಪ, ಮಗ ಸಮ್ಮೇದ ಮೂವರೂ ಒಟ್ಟಿಗೇ ಮಲಗಿದ್ದರು. ಮೂವರಿಗೂ ವಾಸನೆ ಹೋಗಿತ್ತು. ಗಂಡಸರಿಬ್ಬರಿಗೂ ಕೆಲವೇ ವಾರಗಳಲ್ಲಿ ಮರಳಿತು. ಕುಸುಮಕ್ಕ ಇಂದು ಬಂದೀತು, ನಾಳೆ ಬಂದೀತು ಎಂದು ಕಾದಳು. ಒಂದು ದಿನ ಏನೋ ತರಲೆಂದು ತಮ್ಮ ಒಣದ್ರಾಕ್ಷಿ ಶೆಡ್ಡಿನೊಳಗೆ ನೇರ ನಡೆದುಬಿಟ್ಟಳು. ಒಳಗೆ ಆಗಷ್ಟೇ ದ್ರಾಕ್ಷಿಯ ಬಣ್ಣಕ್ಕೆಂದು ಗಂಧಕದ ಹೊಗೆ ಹಾಕಿದ್ದರು. ಕಣ್ಣಲ್ಲಿ ನೀರು ಸುರಿಯಿತು, ಗಂಟಲು ಉರಿಯಿತು, ಮೂಗಿಗೆ ಮಾತ್ರ ಏನೂ ತಿಳಿಯಲಿಲ್ಲ. ಜಿನ್ನಪ್ಪ ಓಡಿಬಂದು ರಟ್ಟೆ ಹಿಡಿದು ಹೊರಗೆ ಎಳೆದ. ಬೇವಿನ ಗಿಡದ ಕೆಳಗೆ ಕುಳಿತು ಕೆಮ್ಮು ನಿಂತ ಮೇಲೆ ಅವಳು, "ಇದು ಬರೂದಿಲ್ಲ ಅನಸ್ತೈತ್ರಿ" ಎಂದಳು. ಅವನು ಒಳಗಿನಿಂದ ನೀರಿನ ತಂಬಿಗೆ ತಂದುಕೊಟ್ಟ.

ಮಿರಜಿನ ಡಾಕ್ಟರು ನರಕ್ಕೆ ಪೆಟ್ಟಾಗಿದೆ, ಬಂದರೆ ಬರಬಹುದು, ಲವಂಗ, ನಿಂಬೆ, ನೀಲಗಿರಿ ಎಣ್ಣೆ ಹೀಗೆ ಗಾಢ ವಾಸನೆಯದನ್ನು ದಿನಾ ಮೂಸುತ್ತಿರಿ ಎಂದರು. ಅವಳು ಕೆಲವು ತಿಂಗಳು ಹಾಗೇ ಮಾಡಿದಳು. ಪ್ರತಿ ಸಲ ಲವಂಗದ ಡಬ್ಬಿ ಮೂಗಿಗೆ ಹಿಡಿದಾಗಲೂ ಯಾರೋ ಎದುರಿಗೆ ನಿಂತು ಇಲ್ಲ ಎಂದಂತಾಗುತ್ತಿತ್ತು. ಕೊನೆಗೆ ಡಬ್ಬಿಯನ್ನು ಕಪಾಟಿಗೆ ಹಾಕಿದಳು.

ಗಂಡನನ್ನು ಬಿಟ್ಟು ಬೇರೆ ಯಾರಿಗೂ ಈ ವಿಷಯ ಗೊತ್ತಾಗದಂತೆ ನೋಡಿಕೊಂಡಳು. ವಾಸನೆ ಮರಳಿತು ಎಂದೇ ಎಲ್ಲರಿಗೂ ಹೇಳಿದಳು. ಆ ವರ್ಷವೇ ನಿಪ್ಪಾಣಿಯಿಂದ ಸೊಸೆ ಸ್ನೇಹಲ ಮನೆ ತುಂಬಿದಳು. ಅಡುಗೆಮನೆಗೆ ಬಂದ ಹೊಸ ಹುಡುಗಿಯ ಮುಂದೆ 'ನನಗೆ ತಿಳಿಯುವುದಿಲ್ಲ' ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಬದಲಿಗೆ ಉಪಾಯ ಕಲಿತಳು. ಸಾಸಿವೆಯ ಸಪ್ಪಳ ಕೇಳಿ, ಎಣ್ಣೆಯ ಬಣ್ಣ ನೋಡಿ, ಎದುರಿಗಿದ್ದವರ ಮುಖ ನೋಡಿ, ಅವರಿಗಿಂತ ಮೊದಲೇ "ಘಮ್ ಅನ್ನಾಕತ್ತೈತಿ" ಎಂದುಬಿಡುತ್ತಿದ್ದಳು. ಊರವರ ಕಾರ್ಯಗಳಿಗೆ ಮಾತ್ರ ಹೋಗುವುದನ್ನು ನಿಲ್ಲಿಸಿದಳು. ಮೊಣಕಾಲು ನೋವು ಎಂದಳು. ಜನ ನಂಬಿದರು.

ಸ್ನೇಹಲಳಿಗೆ ಹೆಣ್ಣು ಕೂಸು ಹುಟ್ಟಿತು. ಎಣ್ಣೆ ಹಚ್ಚಿ, ನೀರು ಹಾಕಿ, ಧೂಪದ ಹೊಗೆ ತೋರಿಸಿ ಕೂಸನ್ನು ಅಜ್ಜಿಯ ಮಡಿಲಿಗೆ ಕೊಟ್ಟಾಗ ಕುಸುಮಕ್ಕ ಅದರ ನೆತ್ತಿಗೆ ಮೂಗು ಒತ್ತಿದಳು. ಮೆತ್ತಗಿತ್ತು, ಬೆಚ್ಚಗಿತ್ತು. ಅಷ್ಟೇ. "ಎಷ್ಟ ಛಲೋ ವಾಸನಿ ನನ್ನ ಬಂಗಾರದ್ದು" ಎಂದು ಹೇಳಿ, ಕೂಸನ್ನು ತಾಯಿಗೆ ಕೊಟ್ಟು, ಹಿತ್ತಲಿಗೆ ಹೋಗಿ ನಳ ಬಿಟ್ಟು ನಿಂತಳು. ನೀರಿನ ಸಪ್ಪಳದಲ್ಲಿ ಅತ್ತರೆ ಒಳಗೆ ಕೇಳುವುದಿಲ್ಲ.

ಜಿನ್ನಪ್ಪ ವೆನಿಲಾ ತಂದದ್ದು ಅದಕ್ಕೂ ಮೊದಲೇ, ಕೊರೊನಾ ಮುಗಿದು ಬಂದ ಮಳೆಗಾಲದಲ್ಲಿ. ಮನೆಯ ಹಿಂದಿನ ಹಳೆಯ ದ್ರಾಕ್ಷಿ ಬಳ್ಳಿಗಳನ್ನು ಕಿತ್ತಿದ್ದರು; ಕಲ್ಲುಕಂಬ, ತಂತಿಗಳ ಚಪ್ಪರ ಮಾತ್ರ ಹಾಗೇ ಉಳಿದಿತ್ತು. ರೈತರ ಜೊತೆ ಘಟ್ಟದ ಕಡೆಗೆ ತೋಟ ನೋಡಲು ಹೋದವನು ಒದ್ದೆ ಗೋಣಿಯಲ್ಲಿ ಹಾವಿನಂತೆ ಸುತ್ತಿಟ್ಟ ಬಳ್ಳಿಯ ತುಂಡುಗಳನ್ನು ಹೊತ್ತು ತಂದ. ಚಪ್ಪರದ ಮೇಲೆ ಹಸಿರು ನೆರಳು ಬಲೆ ಹೊದಿಸಿದ. ಬಳ್ಳಿ ಹಬ್ಬಲು, ಹಸಿರೆಲೆ ಗೊಬ್ಬರಕ್ಕೆ ಬೆಳೆಸುವ ಗಿಡದ ಗೂಟ ನೆಟ್ಟ. ಬುಡಕ್ಕೆ ತೆಂಗಿನ ನಾರು, ಒಣಗಿದ ಎಲೆ, ಸಗಣಿ ಗೊಬ್ಬರ ಹಾಕಿದ. ಯಾಕೆ ಎಂದು ಕೇಳಿದರೆ, "ಜಾಗಾ ಖಾಲಿ ಐತಿ, ನೋಡೂಣು" ಎಂದಷ್ಟೇ ಹೇಳಿದ.

ಪಕ್ಕದ ಮನೆಯ ಕಾಕಾಸಾಹೇಬ ಜಿನ್ನಪ್ಪನಿಗಿಂತ ಹಿರಿಯ. ಬೇಲಿಯ ಆಚೆ ನಿಂತು ನೋಡಿದ.

"ಏನ ಜಿನ್ನಪ್ಪ, ಐಸ್‌ಕ್ರೀಮ್ ಹಚ್ಚೀಯಂತ?"

"ಹೂಂ."

"ಬ್ಯಾಸಿಗ್ಯಾಗ ಕರಗತೈತಿ ನೋಡ."

ಕರಗುವುದರಲ್ಲೇ ಇತ್ತು. ಮೊದಲ ಬೇಸಿಗೆಯ ಬಿಸಿಲಿಗೆ ಬಳ್ಳಿಗಳು ಹಳದಿಯಾಗಿ ಜೋತುಬಿದ್ದವು. ಜಿನ್ನಪ್ಪ, ಸಮ್ಮೇದ ಇಬ್ಬರೂ ಹೊಲದ ಕೆಲಸದಲ್ಲಿದ್ದರು. ಮಧ್ಯಾಹ್ನ ಹಿತ್ತಲಿಗೆ ಬಂದ ಕುಸುಮಕ್ಕ ಆ ಬಳ್ಳಿಗಳನ್ನು ನೋಡಿದಳು. ಗೋಣಿಚೀಲಗಳನ್ನು ನೀರಲ್ಲಿ ಅದ್ದಿ ಪಡುವಣ ಬದಿಗೆ ಪರದೆಯಂತೆ ಕಟ್ಟಿದಳು. ದಿನಕ್ಕೆ ನಾಲ್ಕಾರು ಸಲ ಪೈಪು ಹಿಡಿದು ಎಲೆಗಳಿಗೆ ತೆಳ್ಳಗೆ ನೀರು ಚಿಮುಕಿಸಿದಳು. ಕೆಲವು ಸತ್ತವು. ಉಳಿದವು ಮಳೆ ಬಿದ್ದೊಡನೆ ಗೂಟ ಹಿಡಿದು ಮೇಲೇರತೊಡಗಿದವು. ಕೈಗೆ ನಿಲುಕುವಷ್ಟರಲ್ಲೇ ಇರಲಿ ಎಂದು ಅವನ್ನು ಮತ್ತೆ ಕೆಳಗೆ ಬಾಗಿಸಿ ಸುತ್ತಿದಳು. ಅಲ್ಲಿಂದ ಮುಂದೆ ಆ ಚಪ್ಪರ ಅವಳದೇ ಆಯಿತು.

ಅಲ್ಲಿ ಅವಳಿಗೆ ಯಾಕೆ ಅಷ್ಟು ಹಿತವಾಗುತ್ತದೆ ಎಂದು ಮೊದಮೊದಲು ತಿಳಿಯಲಿಲ್ಲ. ಒಮ್ಮೆ ಸ್ನೇಹಲ ಒಂದು ಎಲೆ ಮುರಿದು ಮೂಸಿ, "ಇದಕ್ಕ ವಾಸನೀನ ಇಲ್ಲಲ್ರಿ ಅತ್ತಿ! ವೆನಿಲಾ ಅಂತಾರ ಮತ್ತ" ಎಂದಳು. ಕುಸುಮಕ್ಕ ಥಟ್ಟನೆ ತಲೆಯೆತ್ತಿದಳು. ಹೌದು, ಈ ಬಳ್ಳಿಗೆ ಯಾರ ಮೂಗಿಗೂ ಸಿಗುವ ವಾಸನೆ ಇಲ್ಲ. ಇಲ್ಲಿ ಯಾರೂ ಏನನ್ನೂ ಮೂಸುವುದಿಲ್ಲ, ಯಾರ ಮುಖವನ್ನೂ ನೋಡಿ ತಾನು ಉತ್ತರ ಹೊಂದಿಸಬೇಕಾಗಿಲ್ಲ. ಅವತ್ತು ಅವಳು ಕತ್ತಲಾಗುವವರೆಗೂ ಚಪ್ಪರದ ಕೆಳಗೇ ಏನಾದರೊಂದು ಮಾಡುತ್ತ ಉಳಿದಳು.

ಮೂರನೆಯ ಚಳಿಗಾಲ ಮುಗಿಯುವಾಗ ಹೂ ಬಂತು. ತಿಳಿ ಹಸಿರು ಮಿಶ್ರಿತ ಹಳದಿ ಹೂ. ಬೆಳಿಗ್ಗೆ ಅರಳಿದ್ದು ಬಿಸಿಲೇರುವಷ್ಟರಲ್ಲಿ ಬಾಡುತ್ತದೆ. ಅದಕ್ಕೆ ಹೊಂದುವ ದುಂಬಿ ಈ ಸೀಮೆಯಲ್ಲಿಲ್ಲ, ಆದ್ದರಿಂದ ಪ್ರತಿಯೊಂದು ಹೂವಿಗೂ ಮನುಷ್ಯರ ಕೈಯೇ ಪರಾಗ ಮುಟ್ಟಿಸಬೇಕು. ಸ್ನೇಹಲ ಮೊಬೈಲಿನಲ್ಲಿ ವಿಡಿಯೋ ನೋಡಿ ತೋರಿಸಿಕೊಟ್ಟಳು. ಹೂವಿನ ಬಾಯನ್ನು ಮೆಲ್ಲಗೆ ಸೀಳಬೇಕು, ಒಳಗೆ ಅಡ್ಡವಾಗಿರುವ ಸಣ್ಣ ಪೊರೆಯನ್ನು ಕಡ್ಡಿಯಿಂದ ಮೇಲೆತ್ತಬೇಕು, ಹೆಬ್ಬೆರಳಿನಿಂದ ಮೇಲಿನ ಪರಾಗವನ್ನು ಕೆಳಗಿನ ಅಂಟಂಟು ಭಾಗಕ್ಕೆ ಒತ್ತಬೇಕು. ದ್ರಾಕ್ಷಿ ತಂತಿ ಬಿಗಿದು ಬಿಗಿದು ದಪ್ಪಗಾದ ಜಿನ್ನಪ್ಪನ ಬೆರಳಿಗೆ ಹೂವೇ ಹರಿದುಹೋಯಿತು.

"ನೀವು ಹೊರಗ ನಡೀರಿ. ಇದು ನಿಮ್ಮ ಕೆಲಸಲ್ಲ" ಎಂದು ಕುಸುಮಕ್ಕ ಅವನನ್ನು ಕಳಿಸಿ, ಕಸಬರಿಗೆಯ ಕಡ್ಡಿಯೊಂದನ್ನು ಚೂಪು ಮಾಡಿಕೊಂಡಳು.

ಆ ಎರಡು ತಿಂಗಳು ಅತ್ತೆ ಸೊಸೆ ಬೆಳಗಿನ ಚಹಾ ಕುಡಿದದ್ದು ಚಪ್ಪರದ ಕೆಳಗೇ. ಕಲ್ಲುಕಂಬಗಳ ನಡುವೆ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸುತ್ತಿದ್ದರು. ಪರಾಗ ಕೂಡಿಕೊಂಡ ಹೂ ಒಣಗಿದರೂ ಬಳ್ಳಿಯಲ್ಲೇ ನಿಲ್ಲುತ್ತದೆ, ಕೂಡದ್ದು ಮರುದಿನ ಉದುರುತ್ತದೆ. ಬೆಳಗಾದೊಡನೆ ಕುಸುಮಕ್ಕ ಹೋಗಿ ಮೊದಲು ನೆಲ ನೋಡುತ್ತಿದ್ದಳು. ನೆಲ ಸ್ವಚ್ಛವಿದ್ದ ದಿನ ಅವಳ ನಡಿಗೆಯೇ ಬೇರೆ. ಆಮೇಲೆ ಹುರುಳಿಕಾಯಿಯಂಥ ಹಸಿರು ಕಾಯಿಗಳು ಗೊಂಚಲು ಗೊಂಚಲಾಗಿ ಇಳಿದವು. ಬೇಸಿಗೆ ದಾಟಿ, ಮಳೆ ದಾಟಿ, ದೀಪಾವಳಿ ದಾಟಿದ ಮೇಲೆ ತುದಿ ಹಳದಿಗೆ ತಿರುಗಿತು. ಸ್ನೇಹಲ ಹಸಿ ಕಾಯಿಯೊಂದನ್ನು ಮುರಿದು ನೋಡಿದಳು. ಅದಕ್ಕೂ ಹೇಳಿಕೊಳ್ಳುವಂಥ ವಾಸನೆಯಿರಲಿಲ್ಲ.

ಕಾಯಿಯನ್ನು ಹದ ಮಾಡಿದ ಮೇಲೆಯೇ ವಾಸನೆ ಹುಟ್ಟುವುದು. ಘಟ್ಟದಲ್ಲಿ ಬಳ್ಳಿ ಕೊಟ್ಟವರು ಫೋನಿನಲ್ಲಿ ಹೇಳಿದಂತೆ ಅವರು ಮಾಡಿದರು. ನೀರು ಕುದಿಯಬಾರದು, ಆದರೆ ಬೆರಳು ಇಡಲಾಗದಷ್ಟು ಬಿಸಿಯಿರಬೇಕು. ಅದರಲ್ಲಿ ಕಾಯಿ ಅದ್ದಿ ತೆಗೆದು, ಬಿಸಿಯಾರುವ ಮೊದಲೇ ಕಂಬಳಿಯಲ್ಲಿ ಸುತ್ತಿ ಟ್ರಂಕಿನಂಥ ಪೆಟ್ಟಿಗೆಯಲ್ಲಿಟ್ಟು ಬೆವರಿಸಬೇಕು. ಮರುದಿನದಿಂದ ಮಧ್ಯಾಹ್ನ ಬಿಸಿಲಿಗೆ ಹರವಬೇಕು, ಬಿಸಿ ಇರುವಾಗಲೇ ಮತ್ತೆ ಕಂಬಳಿಯಲ್ಲಿ ಸುತ್ತಬೇಕು. ಹಸಿರು ಕಾಯಿ ಮೊದಲು ಕಂದಾಯಿತು, ನಂತರ ಎಣ್ಣೆ ಹಚ್ಚಿದ ಚರ್ಮದಂತೆ ಕಪ್ಪಾಗುತ್ತ ಬಂತು. ಕುಸುಮಕ್ಕ ಒಂದೊಂದನ್ನೂ ಬೆರಳ ನಡುವೆ ನೀವಿ ನೇರ ಮಾಡಿ ಸಾಲಾಗಿ ಇಡುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ಕಂಬಳಿ ಬಿಚ್ಚುತ್ತಿದ್ದಾಗ ಒಳಗಿನಿಂದ ಸ್ನೇಹಲ ಓಡಿ ಬಂದಳು.

"ಅತ್ತಿ! ಅಯ್ಯ, ಏನ ವಾಸನಿ ಇದು! ಅಡಿಗಿಮನಿತನಾ ಬಂತಲ್ರಿ!"

ಸಮ್ಮೇದ ಬಂದ. ಬೇಲಿಯಾಚೆಯಿಂದ ಕಾಕಾಸಾಹೇಬನ ಹೆಂಡತಿ ಲಕ್ಷ್ಮಿಬಾಯಿ ಬಂದರು. ಎಲ್ಲರೂ ಕಂಬಳಿಯ ಮೇಲೆ ಬಾಗಿ ಕಣ್ಣು ಮುಚ್ಚಿದರು. ಕೂಸು ಕೂಡ ಒಂದು ಕಾಯಿ ಕಿತ್ತುಕೊಂಡು ಬಾಯಿಗೆ ಒಯ್ದಿತು. ಕುಸುಮಕ್ಕ ಅವರ ಮುಖಗಳನ್ನು ನೋಡಿದಳು. ತಾನು ಬಿಸಿಲಿನಿಂದ ಕಾಪಾಡಿದ, ಒಂದೊಂದು ಹೂವನ್ನೂ ಕೈಯಾರೆ ಮುಟ್ಟಿದ ಬಳ್ಳಿ ಈಗ ತನ್ನೊಬ್ಬಳನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿಕೊಂಡಂತೆ ಅನಿಸಿತು.

"ಹೆಂಗೈತ್ರಿ ಅತ್ತಿ?" ಎಂದಳು ಸ್ನೇಹಲ.

"ಛಲೋ ಐತಿ" ಎಂದಳು ಕುಸುಮಕ್ಕ.

ಸಂಜೆ ಹೊತ್ತು ಮುಳುಗುವ ಮೊದಲು ಊಟ ಬಡಿಸುವಾಗ ಅವಳು ಗಂಡನ ಮುಂದೆ ತಟ್ಟೆಯನ್ನು ಸಪ್ಪಳವಾಗುವಂತೆ ಇಟ್ಟಳು. ಮಗ ಸೊಸೆ ಹಿತ್ತಲಲ್ಲಿದ್ದರು.

"ಭೂಮಿ ಮ್ಯಾಲ ಬ್ಯಾರೆ ಬೆಳಿ ಇರಲಿಲ್ಲೇನ್ರಿ? ಮೂಗಿಲ್ಲದಾಕಿ ಮನ್ಯಾಗ ವಾಸನಿ ಬೆಳಿ ಹಚ್ಚೀರಿ. ನನ್ನ ಅಣಕಸಾಕ ಹಚ್ಚೀರೇನು?"

ಜಿನ್ನಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಮಾತು ಹುಡುಕಲು ಅವನಿಗೆ ಯಾವಾಗಲೂ ಹೊತ್ತು ಬೇಕು.

"ಡಾಕ್ಟರ್ ಮೂಸಂದಿದ್ರಲ್ಲ" ಎಂದ ಕಡೆಗೆ. "ಲವಂಗ ಮೂಸಿದಿ, ನಿಂಬಿ ಮೂಸಿದಿ. ಅವೆಲ್ಲಾ ನಿನಗ ಗೊತ್ತಿದ್ದ ವಾಸನಿ. ಬರಲಿಲ್ಲ ಅಂದಾಗೊಮ್ಮೆ ಅಳತಿದ್ದಿ. ನಾ ಏನ ವಿಚಾರ ಮಾಡಿದ್ನಿ ಅಂದ್ರ, ನೀ ಎಂದೂ ಮೂಸದಿದ್ದದ್ದು ಯಾವುದರ ಇದ್ರ... ಅದನ್ನ ನೀ ಕಳಕೊಂಡಿಲ್ಲಲ್ಲ. ಅದು ಹೊಸಾದ ಬಂದ್ರ ಬರಬಹುದು ಅಂತ."

"ಮೂರು ವರ್ಷಾ ಇದನ್ನ ಮನಸಿನ್ಯಾಗ ಇಟ್ಕೊಂಡಿದ್ರೇನು?"

"ಮತ್ತೇನ ಹೇಳೂದು. ಬರಲಿಲ್ಲಂದ್ರ?"

ಬಂದಿರಲಿಲ್ಲ.  ಅವಳ ಸಿಟ್ಟು ಎಲ್ಲಿ ಹೋಗಬೇಕೆಂದು ತಿಳಿಯದೆ ಅಲ್ಲೇ ಕುಸಿಯಿತು. ತಟ್ಟೆಯನ್ನು ಅವನತ್ತ ಸರಿಸಿ ಇನ್ನೊಂದು ಸೌಟು ಸಾರು ಬಡಿಸಿದಳು.

ಆಮೇಲಿನ ಸಂಗತಿ ನಡೆದದ್ದು ಸಂಕ್ರಾಂತಿಯ ನಂತರ. ದ್ರಾಕ್ಷಿ ಗೊನೆಗಳಿಗೆ ನೀರು ತುಂಬಿ ಬಣ್ಣ ಬರುತ್ತಿದ್ದ ಹೊತ್ತಿನಲ್ಲಿ ಅಕಾಲ ಮಳೆ ಹಿಡಿಯಿತು. ಅಂಥ ಮಳೆಯಲ್ಲಿ ದ್ರಾಕ್ಷಿ ಬೆಳೆದವರಿಗೆ ಊಟ ನಿದ್ದೆ ಇರುವುದಿಲ್ಲ. ಜಿನ್ನಪ್ಪ, ಸಮ್ಮೇದ ಇಬ್ಬರೂ ಔಷಧ ಹೊಡೆಯುತ್ತ ಹೊಲದಲ್ಲೇ ಉಳಿದರು. ಕೂಸಿಗೆ ನೆಗಡಿಯಾಗಿ ಸ್ನೇಹಲ ನಿಪ್ಪಾಣಿಯ ತವರಿಗೆ ಹೋಗಿ ಡಾಕ್ಟರಿಗೆ ತೋರಿಸಿ ಅಲ್ಲೇ ಕೆಲವು ದಿನ ನಿಂತಳು. ಹೋಗುವ ಮುಂದೆ, "ಕಾಯಿ ಇನ್ನಾ ಪೂರಾ ಒಣಗಿಲ್ರಿ. ದಿನಾ ಒಂದ ಸಲ ಟ್ರಂಕ್ ತಗದು ಮೂಸಿ ನೋಡ್ರಿ. ಬೂಸ್ಟ ಹಿಡಿಯೂಕಿಂತ ಮೊದಲ ವಾಸನಿ ಬದಲ ಆಗತೈತಂತ" ಎಂದು ಹೇಳಿದಳು.

"ನೋಡತೀನಿ, ನೀ ಹೋಗು" ಎಂದಳು ಕುಸುಮಕ್ಕ.

ಅವಳು ದಿನಾ ಟ್ರಂಕು ತೆರೆದದ್ದು ನಿಜ. ಕಂಬಳಿಯ ಮೇಲ್ಪದರ ಎತ್ತಿ ಕಣ್ಣಿಗೆ ಕಂಡಷ್ಟು ನೋಡುತ್ತಿದ್ದಳು. ಕಪ್ಪಗೆ, ಹೊಳೆಯುತ್ತ, ಚೆನ್ನಾಗಿದ್ದವು. ಹೊರಗೆ ತಂಪು, ಬಿಸಿಲಿಲ್ಲ. ಬಿಚ್ಚಿಟ್ಟರೆ ಇನ್ನಷ್ಟು ತೇವ ಹಿಡಿದೀತೆಂದು ಮತ್ತೆ ಬಿಗಿಯಾಗಿ ಸುತ್ತಿ ಮುಚ್ಚುತ್ತಿದ್ದಳು.

ಮಳೆ ನಿಂತ ಮೇಲೆ ಸ್ನೇಹಲ ಬಂದಳು. ಕೂಸನ್ನು ಇಳಿಸಿ ನೇರ ಟ್ರಂಕಿನ ಬಳಿ ಹೋಗಿ ಮುಚ್ಚಳ ತೆಗೆದವಳು ಒಂದು ಹೆಜ್ಜೆ ಹಿಂದೆ ಸರಿದಳು. ಕೆಳಗಿನ ಪದರಗಳನ್ನು ಬಿಚ್ಚಿದಾಗ ಕಾಯಿಗಳ ಮೇಲೆ ಬಿಳಿ ಹತ್ತಿಯಂಥದು ಹಬ್ಬಿತ್ತು. ಅರ್ಧಕ್ಕೂ ಹೆಚ್ಚು ಹೋಗಿದ್ದವು.

"ಅತ್ತಿ, ದಿನಾ ನೋಡಿದ್ರಿಲ್ಲ? ಇಷ್ಟ ನಾರಾಕತ್ತೈತಲ್ರಿ! ಮುಚ್ಚಳಾ ತಗದ್ರ ಮುಖಕ್ಕ ಹೊಡೀತೈತಿ!"

ಅವಳ ದನಿಯಲ್ಲಿ ಆಕ್ಷೇಪಣೆಗಿಂತ ಅಚ್ಚರಿಯೇ ಹೆಚ್ಚಿತ್ತು. ಕುಸುಮಕ್ಕ ಟ್ರಂಕಿನ ಪಕ್ಕ ನೆಲದ ಮೇಲೆ ಕುಳಿತಳು. ಬಾಯಿಗೆ ಬಂದದ್ದು ಹಳೆಯ ಉಪಾಯವೇ: ನಿನ್ನೆಯವರೆಗೆ ಸರಿಯಿತ್ತು, ರಾತ್ರೋರಾತ್ರಿ ಆಗಿರಬೇಕು ಎನ್ನಬಹುದಿತ್ತು. ಆದರೆ ಕಂಬಳಿಯ ಮೇಲಿದ್ದ ಆ ಬೂಷ್ಟು ಹಿಡಿದ ಕಾಯಿಗಳನ್ನು ನೋಡಿದಾಗ ಇನ್ನೊಂದು ಸುಳ್ಳು ಹೊರುವಷ್ಟು ಬಲ ಅವಳಲ್ಲಿ ಉಳಿದಿರಲಿಲ್ಲ.

"ನನಗ ವಾಸನಿ ಬರೂದಿಲ್ಲ ಸ್ನೇಹಲಾ."

"ನೆಗಡಿ ಆಗೈತೇನ್ರಿ?"

"ನೆಗಡಿ ಅಲ್ಲ. ನೀ ಈ ಮನಿಗೆ ಬಂದಾಗಿಂದ ಬರೂದಿಲ್ಲ. ಕೊರೊನಾದಾಗ ಹೋಗಿದ್ದು ತಿರಗಿ ಬರಲೇ ಇಲ್ಲ."

ಸ್ನೇಹಲ ಅತ್ತೆಯ ಮುಖವನ್ನೇ ನೋಡುತ್ತ ನಿಂತಳು. ಒಂದೊಂದಾಗಿ ಅವಳಿಗೆ ನೆನಪಾಗುತ್ತಿದ್ದದ್ದು ಮುಖದ ಮೇಲೇ ಕಾಣುತ್ತಿತ್ತು. ಎಷ್ಟು ಸಲ ಸೌಟು ಹಿಡಿದು "ವಾಸನಿ ನೋಡ್ರಿ ಅತ್ತಿ" ಎಂದಿದ್ದಳು. ಎಷ್ಟು ಸಲ ಅವರು ಮೊದಲು ತನ್ನ ಕಣ್ಣು ನೋಡಿ ಆಮೇಲೆ ಉತ್ತರ ಕೊಟ್ಟಿದ್ದರು. ಗ್ಯಾಸಿನ ಗುಂಡಿಯನ್ನು ಮೂರು ಮೂರು ಸಲ ಮುಟ್ಟಿ ನೋಡುವುದನ್ನು ಕಂಡು ವಯಸ್ಸಾದವರ ಚಟ ಎಂದು ತಾನು ಒಳಗೊಳಗೇ ನಕ್ಕಿದ್ದಳು.

"ಕೂಸಿಂದೂ?" ಎಂದಳು ಮೆಲ್ಲಗೆ.

ಕುಸುಮಕ್ಕ ಅದೂ ಇಲ್ಲವೆಂದು ತಲೆಯಾಡಿಸಿದಳು. ಅಲ್ಲಿಯವರೆಗೆ ತಡೆದುಕೊಂಡಿದ್ದವಳಿಗೆ ಆಗ ಅಳು ಬಂತು. ನಳ ಬಿಡಲು ಎದ್ದು ಹೋಗಲಿಲ್ಲ. ಸೊಸೆಯ ಎದುರಿಗೇ ಅತ್ತಳು. ಸ್ನೇಹಲ ಪಕ್ಕದಲ್ಲಿ ಕುಳಿತು ಅತ್ತೆಯ ಕೈ ಹಿಡಿದಳು.

"ನನಗ ಹೇಳಬಾರದಿತ್ತೇನ್ರಿ? ನಾ ಏನ ಅಂತಿದ್ನಿ?"

"ನೀ ಏನೂ ಅಂತಿರಲಿಲ್ಲವ್ವಾ. ನನಗ ನಾನ ಅಂದ್ಕೊಂಡು ಅಂದ್ಕೊಂಡು..." ಸೆರಗಿನಿಂದ ಮುಖ ಒರೆಸಿಕೊಂಡಳು.

ಅವತ್ತು ಅವರಿಬ್ಬರೂ ಸೇರಿ ಕೆಟ್ಟದ್ದನ್ನೆಲ್ಲ ಗುಂಡಿಗೆ ಹಾಕಿದರು. ಉಳಿದದ್ದನ್ನು ಒಂದೊಂದಾಗಿ ಒರೆಸಿ, ಟ್ರಂಕು ತೊಳೆದು ಒಣಗಿಸಿ, ಕಂಬಳಿ ಬದಲಿಸಿದರು. ಕುಸುಮಕ್ಕ ಕಾಯಿಯನ್ನು ಬೆರಳಿಗೆ ಸುತ್ತಿ ಮೆದುವೋ ಪೆಡಸೋ ಎಂದು ನೋಡಿ ಸ್ನೇಹಲಳಿಗೆ ದಾಟಿಸುತ್ತಿದ್ದಳು. ಸ್ನೇಹಲ ಮೂಸಿ ಪಕ್ಕಕ್ಕಿಡುತ್ತಿದ್ದಳು. ಮೂಸುವಾಗ ಅವಳು ತಾನಾಗಿಯೇ ಹೇಳತೊಡಗಿದಳು: "ಇದು ಛಲೋ ಐತ್ರಿ, ಒಣಾ ಖಾರೀಕು ತುಪ್ಪದಾಗ ಹುರಿದಂಗ. ಇದು ಇನ್ನಾ ಹಸೀ ಕಟ್ಟಿಗಿ ವಾಸನಿ." ಯಾರೂ ಕುಸುಮಕ್ಕನಿಗೆ ವಾಸನೆಯನ್ನು ಹಾಗೆ ಬಿಡಿಸಿ ಹೇಳಿರಲಿಲ್ಲ. ಒಣಖರ್ಜೂರ ತುಪ್ಪದಲ್ಲಿ ಉಬ್ಬುವಾಗ ಹೇಗಿರುತ್ತದೆ ಎಂಬುದು ಅವಳಿಗೆ ಗೊತ್ತಿತ್ತು, ನೆನಪಿತ್ತು. "ಇನ್ನೊಮ್ಮೆ ಹೇಳು" ಎಂದಳು.

ಸಂಜೆ ಗಂಡಸರು ಬಂದಾಗ ಸ್ನೇಹಲಳೇ ಸಮ್ಮೇದನಿಗೆ ವಿಷಯ ತಿಳಿಸಿದಳು. ಅವನು ಎದ್ದು ಅಡುಗೆಮನೆಗೆ ಹೋಗಿ ಗ್ಯಾಸಿನ ಗುಂಡಿಯನ್ನು ತಾನೂ ಮುಟ್ಟಿ ನೋಡಿದ. ಮರುದಿನ ಅಥಣಿಗೆ ಹೋದವನು ಗ್ಯಾಸ್ ಸೋರಿದರೆ ಕೂಗುವ ಯಂತ್ರವೊಂದನ್ನು ತಂದು ಅಡುಗೆಮನೆಯ ಗೋಡೆಗೆ ಹಾಕಿದ.

ಬೇಸಿಗೆ ಕಾಲಿಡುವ ಹೊತ್ತಿಗೆ ಉಳಿದ ಕಾಯಿ ಹದಕ್ಕೆ ಬಂದಿತ್ತು. ಆ ಹೊತ್ತಿಗೇ ಲಕ್ಷ್ಮಿಬಾಯಿಯ ಮಗಳು ಸರಿತಾ ಬಸುರಿಯಾಗಿ ತವರಿಗೆ ಬಂದಳು. ಏಳು ತಿಂಗಳಾದರೂ ಹುಡುಗಿಗೆ ಓಕರಿಕೆ ನಿಂತಿರಲಿಲ್ಲ. ತುಪ್ಪ ಕಾಸಿದರೆ ಆಗದು, ಏಲಕ್ಕಿ ಜಜ್ಜಿದರೆ ಆಗದು, ಒಗ್ಗರಣೆ ಹಾಕಿದರೆ ಹೊರಗೆ ಓಡಬೇಕು. ಸೀಮಂತದ ಕುಬಸಕ್ಕೆ ದಿನ ಗೊತ್ತುಮಾಡಿದ್ದರು. ಲಕ್ಷ್ಮಿಬಾಯಿ ಒಂದು ಬೆಳಿಗ್ಗೆ ಬೇಲಿ ದಾಟಿ ಬಂದು ಕಟ್ಟೆಯ ಮೇಲೆ ಕುಳಿತರು.

"ಕುಸುಮಾ, ಬಯಕಿ ಊಟ ಅಂತೀವಿ, ಬಸುರಿ ಬಿಟ್ಟು ಊರೆಲ್ಲಾ ಉಣ್ಣೂ ಹಂಗಾಗೈತಿ ನೋಡ. ಒಂದ ಮಾತ ಹೇಳ್ಲಿ? ನೀವು ಆ ಟ್ರಂಕ್ ತಗದಾಗ ಬರೂ ವಾಸನಿಗೆ ನನ್ನ ಮಗಳು ಎದ್ದು ಅಂಗಳಕ್ಕ ಬಂದು ನಿಂದರತಾಳು. ಅದೊಂದ ಆಕಿಗೆ ಸೇರತೈತಿ. ಅದನ್ನ ಹಾಕಿ ಏನರ ಸಿಹಿ ಮಾಡಿಕೊಡ್ತೀಯೇನ?"

"ವೈನಿ, ನಾ ಈಗ ಅಡಿಗಿ ಬಿಟ್ಟೀನ್ರಿ."

"ಮೊಣಕಾಲಿಗೆ ಸ್ಟೂಲ್ ಹಾಕತೀನಿ. ಅಂದಂಗ, ಇದರಾಗ ಸಾರಾಯಿ ಇಲ್ಲಲ್ಲ? ಅಂಗಡಿ ವೆನಿಲಾ ಎಸೆನ್ಸ್ ಬಾಟಲಿದಾಗ ಇರತೈತಂತ, ನಮ್ಮ ಮನಿಗೆ ನಡಿಯೂದಿಲ್ಲ."

"ಇದು ಬರೇ ಕಾಯಿ ಅದಾವ್ರಿ ಕಾಕಿ, ಬಿಸಿಲಾಗ ಒಣಗಿಸಿದ್ದು" ಎಂದು ಬಾಗಿಲಿಂದ ಸ್ನೇಹಲ ಹೇಳಿದಳು. "ಅತ್ತಿ ಬಾಸುಂದಿ ಮಾಡ್ತಾರ. ನಾ ಬಾಜೂ ನಿಂದರತೀನಿ."

ಕುಬಸದ ಬೆಳಿಗ್ಗೆ ಲಕ್ಷ್ಮಿಬಾಯಿಯ ಹಿತ್ತಲಲ್ಲಿ ಅಗಲವಾದ ಕಡಾಯಿಗೆ ಎಮ್ಮೆ ಹಾಲು ಹೊಯ್ದು ಕುಸುಮಕ್ಕ ಕುಳಿತಳು. ಸೌಟನ್ನು ಎರಡು ಸಲ ಕೈ ಬದಲಿಸಿ ಹಿಡಿದಳು. ಆಮೇಲೆ ಸೌಟಿನ ಹಿಡಿ ತಾನಾಗಿಯೇ ಅಂಗೈಗೆ ಕೂತಿತು. ಕೆನೆ ಕಟ್ಟಿದಂತೆಲ್ಲ ಬದಿಗೆ ಸರಿಸುತ್ತ, ತಳವನ್ನು ಸೌಟಿನಿಂದ ಸವರುತ್ತ ಬಂದಳು. ತಳ ನುಣುಪಾಗಿರುವವರೆಗೆ ಹೆದರಿಕೆಯಿಲ್ಲ. ಸೌಟು ಸ್ವಲ್ಪ ತಡೆದರೂ ಉರಿ ಹಿಂದಕ್ಕೆಳೆಯಬೇಕು. ಹಾಲು ಅರ್ಧಕ್ಕೆ ಇಳಿದಾಗ ವೆನಿಲಾ ಕಾಯಿಗಳನ್ನು ಉದ್ದಕ್ಕೆ ಸೀಳಿ, ಚಾಕುವಿನ ಬೆನ್ನಿನಿಂದ ಒಳಗಿನ ಕಪ್ಪು ತಿರುಳನ್ನು ಕೆರೆದು ಹಾಲಿಗೆ ಕದಡಿದಳು. ಸಿಪ್ಪೆಯನ್ನೂ ಹಾಕಿದಳು. ಅದು ಸುಮ್ಮನೆ ಎಸೆಯುವಂಥದಲ್ಲ. ಆಮೇಲೆ ತೊಳೆದು ಒಣಗಿಸಿ ಸಕ್ಕರೆ ಡಬ್ಬಿಯಲ್ಲಿ ಹುಗಿದಿಟ್ಟರೆ ಸಕ್ಕರೆಗೂ ಘಮ ಹತ್ತುತ್ತದೆ.

"ಈಗ?" ಎಂದಳು.

ಸ್ನೇಹಲ ಬಾಗಿ ಮೂಸಿ, "ಇನ್ನಾ ಹಾಲಿನ ವಾಸನೀನ ಮ್ಯಾಲೈತ್ರಿ" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಹಾಂ, ಈಗ ಅದು ಮ್ಯಾಲ ಬಂತು. ಹಾಲು ಅದರ ಬೆನ್ನಿಂದ ಐತಿ" ಎಂದಳು. ಕುಸುಮಕ್ಕ ಸಕ್ಕರೆ ಸುರಿದು ಕಡಾಯಿ ಇಳಿಸಿದಳು. ಬೇರೆ ಏಲಕ್ಕಿ, ಕೇಸರಿ ಏನನ್ನೂ ಹಾಕಲಿಲ್ಲ.

ಹಸಿರು ಸೀರೆ ಉಟ್ಟು, ತಲೆತುಂಬ ಹೂ ಮುಡಿದು ಮಣೆಯ ಮೇಲೆ ಕುಳಿತಿದ್ದ ಸರಿತಾಳ ಮುಂದೆ ಬಟ್ಟಲು ಬಂತು. ಸಾಲಿನಲ್ಲಿದ್ದ ಮುದುಕಿಯೊಬ್ಬರು ತಮ್ಮ ಬಟ್ಟಲಲ್ಲಿ ಕಪ್ಪು ಚುಕ್ಕೆ ಕಂಡು, "ಮಸಿ ಬಿದ್ದೈತೇನ ಇದರಾಗ?" ಎಂದರು. ಸರಿತಾ ಮೊದಲು ದೂರದಿಂದ ಮೂಸಿದಳು. ಲಕ್ಷ್ಮಿಬಾಯಿ ಉಸಿರು ಹಿಡಿದು ನಿಂತರು. ಹುಡುಗಿ ಒಂದು ಚಮಚ ತಿಂದಳು, ಇನ್ನೊಂದು ತಿಂದಳು. ಬಟ್ಟಲು ಬರಿದಾಗಿ ಮುಂದಕ್ಕೆ ಚಾಚಿದಾಗ ಲಕ್ಷ್ಮಿಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು.

"ಕುಸುಮತ್ತಿ, ಇದ ನೋಡ್ರಿ ನಿಮ್ಮ ಟ್ರಂಕಿನ ವಾಸನಿ! ಯಾವುದರ ಗತೆ ಐತ್ರಿ ಇದು? ಎಲ್ಲೋ ಮೂಸಿದಂಗ ಐತಿ, ನೆನಪಾಗವಲ್ತು" ಎಂದಳು ಸರಿತಾ.

ಸಾಲಿನ ಹೆಂಗಸರೆಲ್ಲ ಕುಸುಮಕ್ಕನ ಕಡೆ ತಿರುಗಿದರು. ಅವಳು ಸೌಟನ್ನು ಕಡಾಯಿಯ ಅಂಚಿಗೆ ಇಟ್ಟಳು.

"ನನಗ ಗೊತ್ತಿಲ್ಲವ್ವಾ. ಕೊರೊನಾ ಬಂದಾಗಿಂದ ನನಗ ವಾಸನಿ ಬರೂದಿಲ್ಲ. ಅದಕ್ಕ ಎಲ್ಲೂ ಅಡಿಗಿಗೆ ಹೋಗತಿರಲಿಲ್ಲ. ಮೊಣಕಾಲು ನೆಟ್ಟಗ ಅದಾವ. ನೀವ ಹೇಳ್ರಿ, ಹೆಂಗೈತಿ?"

 ಲಕ್ಷ್ಮಿಬಾಯಿ ಏನೋ ಸಮಾಧಾನ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮಸಿ ಎಂದಿದ್ದ ಮುದುಕಿ, "ಬೆಲ್ಲಾ ಕಾಸೂ ಜಾಗಾದಾಗ ನಿಂತಂಗೈತಿ ನೋಡ, ಪಾಕ ಇಳಸೂ ಹೊತ್ತಿನ್ಯಾಗ" ಎಂದರು.

"ಬೆಲ್ಲಲ್ಲ ಆಯಿ, ಹೊಸಾ ಪುಸ್ತಕಾ ತಗದಂಗೈತಿ" ಎಂದಳು ಇನ್ನೊಬ್ಬಳು.

"ಸಿಟ್ಟಾಗಬ್ಯಾಡ್ರಿ, ಖರೇ ಹೇಳ್ತೀನಿ" ಎಂದಳು ಸ್ನೇಹಲ. "ನಮ್ಮ ನಿಪ್ಪಾಣಿ ವಖಾರದ ಬಾಜೂ ಹಾದ್ರ ಒಣಾ ತಂಬಾಕದ ಒಂದ ಸಿಹಿ ವಾಸನಿ ಬರತೈತಲ್ಲ, ಅದರ ಗತೆ."

"ಥೂ! ಬಸುರಿ ಉಣ್ಣೂದಕ್ಕ ತಂಬಾಕ ಅಂತಾಳು ನೋಡು!" ಎಂದು ಎಲ್ಲರೂ ಒಮ್ಮೆಲೇ ಅವಳ ಮೇಲೆ ಬಿದ್ದರು. ಸರಿತಾ ನಗುತ್ತ ನಗುತ್ತ ಹೊಟ್ಟೆ ಹಿಡಿದುಕೊಂಡಳು. ಕಡಾಯಿ ಬರಿದಾಗುವವರೆಗೂ ಆ ಜಗಳ ನಡೆದೇ ಇತ್ತು. ಕುಸುಮಕ್ಕ ಮಧ್ಯೆ ಮಧ್ಯೆ "ಹಾಂಗಾರ ನೀ ಹೇಳು, ನೀ ಹೇಳು" ಎಂದು ಪ್ರತಿಯೊಬ್ಬರನ್ನೂ ಕೇಳುತ್ತಿದ್ದಳು. ಮನಸ್ಸಿನಲ್ಲಿ ಬೆಲ್ಲದ ಪಾಕ, ಹೊಸ ಹಾಳೆ, ಗೋದಾಮಿನ ತಂಬಾಕು ಎಲ್ಲವೂ ಒಂದರ ಪಕ್ಕ ಒಂದು ಬಂದು ಕೂಡುತ್ತಿದ್ದವು. ಅದು ವೆನಿಲಾದ ವಾಸನೆ ಹೌದೋ ಅಲ್ಲವೋ, ಅವಳಿಗೆ ತನ್ನದೊಂದು ವಾಸನೆ ಸಿಕ್ಕಿತ್ತು.

ಮಧ್ಯಾಹ್ನ ಮನೆಗೆ ಬಂದಾಗ ಜಿನ್ನಪ್ಪ ಚಪ್ಪರದ ಹರಿದ ಬಲೆಗೆ ಹೊಲಿಗೆ ಹಾಕುತ್ತಿದ್ದ. ಈ ವರ್ಷದ ಹೂಗಳು ಮುಗಿದು ಕಾಯಿ ಇಳಿಯುತ್ತಿದ್ದವು. ಅವಳು ಒಂದು ಡಬ್ಬಿಯಲ್ಲಿ ಅವನ ಪಾಲಿನ ಬಾಸುಂದಿ ತಂದಿದ್ದಳು. ಪಕ್ಕದಲ್ಲಿ ಕುಳಿತು, ಯಾರ್ಯಾರು ಏನೇನು ಹೇಳಿದರೆಂಬುದನ್ನೆಲ್ಲ ಹೇಳಿದಳು. ಅವನು ಸ್ವಲ್ಪ ಸ್ವಲ್ಪವೇ ತಿನ್ನುತ್ತ ಕೇಳಿದ.

"ನಿಮಗ ಹೆಂಗ ಅನಸ್ತೈತ್ರಿ? ನೀವು ಒಂದಿನಾನೂ ಹೇಳಿಲ್ಲ."

ಜಿನ್ನಪ್ಪ ಡಬ್ಬಿಯೊಳಗೆ ನೋಡಿದ. ಬಲೆಯ ಕಡೆ ನೋಡಿದ.

"ಖರೇ ಹೇಳ್ಲೇನು?"

"ಹೇಳ್ರಿ."

"ನನಗ ಆ ವಾಸನಿ ಸೇರೂದಿಲ್ಲ. ಟ್ರಂಕ್ ತಗದ್ರ ತಲಿ ನೋಯತೈತಿ. ನೀವು ಅತ್ತಿ ಸೊಸಿ ಹದಾ ಮಾಡೂ ಮುಂದ ನಾ ಹೊಲಕ್ಕ ಓಡಿ ಹೋಗತಿದ್ದದ್ದು ಅದಕ್ಕ."

ಕುಸುಮಕ್ಕ ಅವನನ್ನೇ ನೋಡಿದಳು. ಘಟ್ಟದಿಂದ ಒದ್ದೆ ಗೋಣಿ ಹೊತ್ತು ಬಂದವನು, ಮೂರು ವರ್ಷ ಒಂದು ಮಾತೂ ಆಡದೆ ಕಾದವನು ಚಮಚವನ್ನು ಸಂಕೋಚದಿಂದ ಡಬ್ಬಿಯಲ್ಲಿ ತಿರುವುತ್ತ ಕುಳಿತಿದ್ದ. ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕಂಬಕ್ಕೆ ಒರಗಿದಳು. ಒಳಗಿನಿಂದ ಸ್ನೇಹಲ, "ಏನಾತ್ರಿ ಅತ್ತಿ?" ಎಂದು ಕೂಗಿದಳು.

"ಏನಿಲ್ಲವ್ವಾ. ನಿಮ್ಮ ಮಾವಗ ಬ್ಯಾರೆ ಏಲಕ್ಕಿ ಹಾಕಿ ಒಂದಿಷ್ಟು ಬಾಸುಂದಿ ಮಾಡೂಣು, ಹಾಲ ಐತೇನ ನೋಡ" ಎಂದಳು ಕುಸುಮಕ್ಕ.